ಧ್ವನಿಪ್ರತಿಯ ಪಾಠಶುದ್ಧಿ: ಕ್ಯಾಸೆಟ್ ಡೆಕ್, ಡಾಲ್ಬಿ ಮತ್ತು ಮಾರತ್ತಹಳ್ಳಿಯ ಒಂದು ಸೋಬಾನೆ

1

ಮೌಖಿಕ ಪರಂಪರೆಯ ಅಧ್ಯಯನಕ್ಕೆ ಧ್ವನಿಮುದ್ರಿತ ಕ್ಯಾಸೆಟ್ಟೂ ಒಂದು ಆಕರವೆಂಬುದನ್ನು ನಮ್ಮ ವಿದ್ವಲ್ಲೋಕ ಒಪ್ಪಿಕೊಂಡು ಬಹಳ ಕಾಲವಾಯಿತು. ಹರಿಕಥೆ, ತಾಳಮದ್ದಳೆ, ಸೋಬಾನೆ, ಗೀಗೀಪದ, ನೀಲಗಾರರ ಮಂಟೇಸ್ವಾಮಿ ಕಥನ ಇವುಗಳ ಅಚ್ಚಾದ ಪಠ್ಯಗಳಲ್ಲಿ ಎಷ್ಟೋ ಮೊದಲಿಗೆ ಟೇಪಿನ ಮೇಲಿದ್ದವು. ಓಲೆಗರಿಯನ್ನು ಆಕರವಾಗಿ ಬಳಸತೊಡಗಿದಾಗ ನಮ್ಮ ಹಿರಿಯರು ಗರಿಗಳ ಸಂಖ್ಯೆ, ಪ್ರತಿ ಗರಿಯ ಸಾಲುಗಳು, ಅಕ್ಷರದ ಮೋಡಿ, ಲಿಪಿಕಾರನ ಅಭ್ಯಾಸಗಳು, ತ್ರುಟಿತವಾದ ಎಡೆಗಳು ಇವನ್ನೆಲ್ಲ ಪ್ರಸ್ತಾವನೆಯಲ್ಲಿ ವಿವರಿಸುವ ಶಿಸ್ತನ್ನೂ ಜೊತೆಯಲ್ಲೇ ಬೆಳೆಸಿದರು. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' 1964ರಲ್ಲಿ ಬಂದಿತು, ಎಂ. ಎಂ. ಕಲಬುರ್ಗಿಯವರು ಆ ವಿಷಯವನ್ನು ಶಾಸ್ತ್ರವಾಗಿ ಮುಂದುವರಿಸಿದರು. ಕ್ಯಾಸೆಟ್ಟಿಗೆ ಈ ಭಾಗ್ಯ ಬರಲಿಲ್ಲ. 'ಕ್ಯಾಸೆಟ್ಟಿನಿಂದ ಲಿಪ್ಯಂತರಿಸಿದ್ದು' ಎಂಬ ಒಂದೇ ಮಾತಿನಲ್ಲಿ ಆಕರದ ವಿವರಣೆ ಸಾಮಾನ್ಯವಾಗಿ ಮುಗಿದುಹೋಗುತ್ತದೆ. ಯಾವ ಯಂತ್ರದಲ್ಲಿ ಮುದ್ರಿಸಿದ್ದು, ಯಾವ ಯಂತ್ರದಲ್ಲಿ ಕೇಳಿದ್ದು, ಅದು ಮೂಲ ಟೇಪೇ ಅಥವಾ ಪ್ರತಿಯ ಪ್ರತಿಯೇ ಎಂಬ ಪ್ರಶ್ನೆಗಳು ಎದ್ದದ್ದೇ ಕಡಿಮೆ.

ಈ ಉದಾಸೀನವು ಇಷ್ಟು ದಿನ ಬರಿಯ ಕೊರತೆಯಾಗಿತ್ತು; ಈಗ ಹಾನಿಯಾಗಿ ಪರಿಣಮಿಸುತ್ತಿದೆ. ಮನೆಗಳ ಕಪಾಟುಗಳಲ್ಲಿಯೂ ಸಂಸ್ಥೆಗಳ ಉಗ್ರಾಣಗಳಲ್ಲಿಯೂ ಉಳಿದಿರುವ ಕ್ಯಾಸೆಟ್‌ಗಳನ್ನು ಗಣಕಕ್ಕೆ ಇಳಿಸುವ ಕೆಲಸ ಎಲ್ಲೆಡೆ ನಡೆದಿದೆ. ಇಳಿಸಿದ್ದನ್ನು 'ಸ್ವಚ್ಛಗೊಳಿಸಿ' ಕೊಡುವುದು ಒಂದು ಹೆಚ್ಚುವರಿ ಸೇವೆಯೆಂದೇ ಪರಿಗಣಿತವಾಗಿದೆ. ಸ್ವಚ್ಛವಾದ ಪ್ರತಿ ಕೈಗೆ ಬಂದ ಮೇಲೆ ಹಳೆಯ ಟೇಪನ್ನು ಇಟ್ಟುಕೊಳ್ಳುವವರು ವಿರಳ. ಹೀಗಾಗಿ ತಿದ್ದಿದ ಪ್ರತಿಯೇ ಏಕೈಕ ಪ್ರತಿಯಾಗುತ್ತಿದೆ. ಒಬ್ಬ ಸಂಪಾದಕ ಓಲೆಯನ್ನು ತನಗೆ ತೋಚಿದಂತೆ ಪ್ರತಿಮಾಡಿಕೊಂಡು, ಎಲ್ಲೆಲ್ಲಿ ತಿದ್ದಿದೆನೆಂದು ಹೇಳದೆ, ಬಳಿಕ ಓಲೆಯನ್ನು ಒಲೆಗೆ ಹಾಕಿದರೆ ನಾವು ಅದನ್ನು ಏನೆಂದು ಕರೆಯುತ್ತಿದ್ದೆವು?

ಟೇಪಿನ ಸದ್ದನ್ನು ತಗ್ಗಿಸುವುದರಲ್ಲಿ ಎರಡು ಬಗೆಗಳಿವೆ. ಒಂದು ಲಿಪಿಯನ್ನು ಓದುವ ಕೆಲಸ. ಇನ್ನೊಂದು ಪಾಠವನ್ನು ತಿದ್ದುವ ಕೆಲಸ. ಮೊದಲನೆಯದನ್ನು ಬಿಟ್ಟರೆ ತಪ್ಪಾಗುತ್ತದೆ, ಎರಡನೆಯದನ್ನು ಹೇಳದೆ ಮಾಡಿದರೆ ತಪ್ಪಾಗುತ್ತದೆ. ನಮ್ಮಲ್ಲಿ ಮೊದಲನೆಯದು ಬಿಟ್ಟುಹೋಗುತ್ತಿದೆ, ಎರಡನೆಯದು ಸದ್ದಿಲ್ಲದೆ ನಡೆಯುತ್ತಿದೆ ಎಂಬುದು ಪ್ರಸ್ತುತ ಲೇಖನದ ಆಕ್ಷೇಪ.

2

ಲೌ ಒಟೆನ್ಸ್ ಅವರ ನೇತೃತ್ವದಲ್ಲಿ ಫಿಲಿಪ್ಸ್ ಕಂಪನಿ ರೂಪಿಸಿದ ಕ್ಯಾಸೆಟ್ 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಜನರ ಮುಂದೆ ಬಂದಿತು. ಅದರ ಟೇಪಿನ ಅಗಲ 3.81 ಮಿಲಿಮೀಟರ್, ಓಟದ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಸ್ಟುಡಿಯೊಗಳ ದೊಡ್ಡ ಸುರುಳಿ ಟೇಪು ಸಾಮಾನ್ಯವಾಗಿ ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿತ್ತು, ಅಂದರೆ ಎಂಟು ಪಟ್ಟು ವೇಗ. ಮೇಲಾಗಿ ಕ್ಯಾಸೆಟ್ಟಿನ ಆ ಸಣ್ಣ ಅಗಲದಲ್ಲೇ ಸ್ಟೀರಿಯೊದ ಎಡ ಬಲಗಳು ಎರಡೂ ಮಗ್ಗುಲಿಗೆ ಸೇರಿ ನಾಲ್ಕು ಪಟ್ಟಿಗಳಾಗಿ ಹಂಚಿಹೋಗಬೇಕು. ಒಂದೊಂದು ಪಟ್ಟಿಗೆ ದಕ್ಕುವುದು ಸುಮಾರು 0.6 ಮಿಲಿಮೀಟರ್. ಟೇಪಿನ ಮೇಲಿರುವ ಕಾಂತೀಯ ಕಣಗಳು ಒಂದೊಂದೂ ತನ್ನ ಪಾಡಿಗೆ ತಾನು ಒಂದಿಷ್ಟು ಅಸ್ತವ್ಯಸ್ತ ಸದ್ದನ್ನು ಸೇರಿಸುತ್ತದೆ. ಹೆಡ್ಡಿನ ಮುಂದೆ ಹೆಚ್ಚು ಕಣಗಳು ಸಾಗಿದಷ್ಟೂ ಈ ಅಸ್ತವ್ಯಸ್ತತೆ ಒಂದಕ್ಕೊಂದು ಹೊಡೆದುಹೋಗಿ ಹಾಡು ಮೇಲೇಳುತ್ತದೆ. ಕಿರಿದಾದ ಪಟ್ಟಿ, ನಿಧಾನದ ಓಟ ಇವೆರಡೂ ಕೂಡಿದಾಗ ಸಾಗುವ ಕಣಗಳು ಕಡಿಮೆ, ಉಳಿಯುವ ಸದ್ದು ಹೆಚ್ಚು. ಕ್ಯಾಸೆಟ್ ಕೇಳಿ ಬೆಳೆದವರೆಲ್ಲರಿಗೂ ಪರಿಚಿತವಾದ, ಹಾಡಿನ ಹಿಂದೆ ಸುಯ್ಯೆಂದು ಹರಿಯುವ ಆ ಸದ್ದು ಇದೇ. ಅಗ್ಗದ ಬೆಲೆಗೂ ಅಂಗೈ ಅಳತೆಗೂ ತೆತ್ತ ಸುಂಕವೆಂದು ಅದನ್ನು ಕರೆಯಬಹುದು.

ಇದಕ್ಕೆ ಪರಿಹಾರ ಕಂಡ ರೇ ಡಾಲ್ಬಿ ಅವರು 1963ರಿಂದ 1965ರವರೆಗೆ ಯುನೆಸ್ಕೊದ ಸಲಹೆಗಾರರಾಗಿ ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆಯಲ್ಲಿದ್ದರು ಎಂಬ ಸಂಗತಿ ನಮ್ಮಲ್ಲಿ ಹೆಚ್ಚು ಪ್ರಚಾರದಲ್ಲಿಲ್ಲ. ಭಾರತದಿಂದ ಲಂಡನ್ನಿಗೆ ತೆರಳಿ 1965ರಲ್ಲಿ ಅವರು ತಮ್ಮ ಪ್ರಯೋಗಾಲಯ ತೆರೆದರು. ಸ್ಟುಡಿಯೊಗಳಿಗಾಗಿ ಮೊದಲು 'ಎ' ಪದ್ಧತಿ, ಮನೆಬಳಕೆಗಾಗಿ 1968ರಲ್ಲಿ 'ಬಿ' ಪದ್ಧತಿ, 1980ರಲ್ಲಿ 'ಸಿ', 1989ರಲ್ಲಿ 'ಎಸ್' ಬಂದವು. ಕ್ಯಾಸೆಟ್ ಡೆಕ್‌ಗಳಲ್ಲಿ ಎಲ್ಲಕ್ಕಿಂತ ವ್ಯಾಪಕವಾಗಿದ್ದದ್ದು 'ಬಿ'.

ಈ ಪದ್ಧತಿಯ ಕ್ರಮವನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯ. ಮುದ್ರಿಸುವಾಗ ಎತ್ತರದ ಆವರ್ತನದ ಮೆಲುದನಿಗಳನ್ನು, ಉದಾಹರಣೆಗೆ ತಂಬೂರಿಯ ಝೇಂಕಾರದ ಮೇಲಂಚನ್ನು, ಗರಿಷ್ಠ 10 ಡೆಸಿಬೆಲ್‌ಗಳಷ್ಟು ಹಿಗ್ಗಿಸಿ ಟೇಪಿಗೆ ಬರೆಯಲಾಗುತ್ತದೆ. ಜೋರಾದ ದನಿಗಳನ್ನು ಇದ್ದಂತೆಯೇ ಬಿಡಲಾಗುತ್ತದೆ. ಅವು ಟೇಪಿನ ಸದ್ದನ್ನು ತಾವೇ ಮುಚ್ಚುತ್ತವೆ. ಕೇಳುವಾಗ ಅದೇ ಪ್ರಮಾಣದಲ್ಲಿ ತಿರುಗಿ ಕುಗ್ಗಿಸಲಾಗುತ್ತದೆ. ಹಿಗ್ಗಿಸಿದ ದನಿ ತನ್ನ ಅಳತೆಗೆ ಮರಳುತ್ತದೆ. ನಡುವೆ ಟೇಪು ತಾನಾಗಿ ಸೇರಿಸಿದ ಸುಯ್ ಸದ್ದು ಮಾತ್ರ ಹಿಗ್ಗದೆ ಕುಗ್ಗಿ 10 ಡೆಸಿಬೆಲ್ ಕೆಳಗಿಳಿಯುತ್ತದೆ. ಆದ್ದರಿಂದ ಡಾಲ್ಬಿಯಲ್ಲಿ ಮುದ್ರಿಸಿದ ಟೇಪಿನ ಮೇಲೆ ಇರುವುದು ಹಾಡಲ್ಲ, ಹಾಡಿನ ಒಂದು ಸಂಕೇತರೂಪ. ಅದನ್ನು ಓದಲು ಸಂಕೇತ ಬಲ್ಲ ಡೆಕ್ ಬೇಕು.

ಹಳೆಯ ಓಲೆಗಳಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಬೇರೆ ಬೇರೆ ಗುರುತಿರಲಿಲ್ಲ. ಓದುವವನು ಛಂದಸ್ಸನ್ನೂ ಅರ್ಥವನ್ನೂ ನೋಡಿ ಹ್ರಸ್ವವೋ ದೀರ್ಘವೋ ನಿರ್ಧರಿಸಬೇಕಿತ್ತು. ಹೀಗೆ ದೀರ್ಘವನ್ನು ತುಂಬಿಕೊಂಡು ಓದುವುದನ್ನು ಯಾರೂ 'ತಿದ್ದುಪಡಿ' ಎನ್ನುವುದಿಲ್ಲ. ಅದು ಲಿಪಿಯ ನಿಯಮ ತಿಳಿದು ಓದುವುದು. ಡಾಲ್ಬಿ ಟೇಪನ್ನು ಡಾಲ್ಬಿ ಡೆಕ್ಕಿನಲ್ಲಿ ಬಿಡಿಸಿ ಕೇಳುವುದು ಇಂಥದೇ ಓದು. ಇದಕ್ಕೆ ವಿರುದ್ಧವಾಗಿ, ಮುದ್ರಿಸುವಾಗ ಏನನ್ನೂ ಮಾಡದ ಟೇಪಿನಿಂದ ಕೇಳುವಾಗ ಮಾತ್ರ ಸದ್ದನ್ನು ತೆಗೆಯುವ ಪದ್ಧತಿಗಳೂ ಇದ್ದವು. ಫಿಲಿಪ್ಸಿನವರೇ 1970ರ ದಶಕದ ಆರಂಭದಲ್ಲಿ ತಂದ ಡಿಎನ್‌ಎಲ್ ಆ ಬಗೆಯದು. ಹಾಡು ಮೆಲುವಾದ ಎಡೆಯಲ್ಲಿ ಮೇಲಿನ ಆವರ್ತನಗಳನ್ನು ಅದು ಕತ್ತರಿಸುತ್ತಿತ್ತು, ಅಲ್ಲಿರುವುದು ಸದ್ದೇ ಇರಬೇಕೆಂಬ ಊಹೆಯ ಮೇಲೆ. ಇಂದಿನ ಗಣಕದ ಸ್ವಚ್ಛತಾ ತಂತ್ರಾಂಶಗಳು ಎಷ್ಟೇ ಸೂಕ್ಷ್ಮವಾಗಿದ್ದರೂ ಜಾತಿಯಲ್ಲಿ ಇದರ ವಂಶದವೇ. ಅವು ಕೊಡುವುದು ಊಹಾಪಾಠ. ಊಹಾಪಾಠವನ್ನು ಸಂಪಾದನಶಾಸ್ತ್ರ ನಿಷೇಧಿಸಿಲ್ಲ. ಅಡಿಟಿಪ್ಪಣಿಯಲ್ಲಿ ಮೂಲದ ಓದನ್ನು ಕೊಡಬೇಕೆಂದು ಮಾತ್ರ ಕೇಳುತ್ತದೆ.

3

ಡಾಲ್ಬಿ ಓದಿನಲ್ಲಿ ತಪ್ಪಾದರೆ ಏನಾಗುತ್ತದೆ ಎಂಬುದನ್ನು ಸಂಗೀತಪ್ರಿಯರು ಮಾತ್ರ ಚರ್ಚಿಸಬೇಕಾದ ವಿಷಯವೆಂದು ತಳ್ಳಿಹಾಕುವಂತಿಲ್ಲ. ಭಾಷಾಶಾಸ್ತ್ರದ ವಿದ್ಯಾರ್ಥಿಗೂ ಇದು ನೇರವಾಗಿ ಸಂಬಂಧಿಸಿದೆ.

ಕನ್ನಡದ ಊಷ್ಮಧ್ವನಿಗಳು ಸ್ವತಃ ಒಂದು ಬಗೆಯ ಸುಯ್ ಸದ್ದುಗಳೇ. ಶಕಾರದ ಶಕ್ತಿ ಸುಮಾರು 2,500 ಹರ್ಟ್ಸಿನಿಂದ ಮೇಲಕ್ಕೆ ಹಬ್ಬಿದರೆ ಸಕಾರದ ಶಕ್ತಿ ಹೆಚ್ಚಾಗಿ 4,000ದಿಂದ 5,000 ಹರ್ಟ್ಸಿನ ಮೇಲೆ ನೆಲೆಸಿರುತ್ತದೆ. ಡಾಲ್ಬಿ 'ಬಿ' ಪೂರ್ಣ ಬಲದಿಂದ ಕೆಲಸ ಮಾಡುವುದೂ ಈ ಪ್ರದೇಶದಲ್ಲೇ. ಸಾಮಾನ್ಯ ಟೇಪನ್ನು ಯಾರಾದರೂ ಡಾಲ್ಬಿ ಗುಂಡಿ ಒತ್ತಿ ಇಳಿಸಿಕೊಂಡರೆ, ಮೈಕಿನಿಂದ ದೂರ ಕುಳಿತು ಮೆಲುವಾಗಿ ಹಾಡಿದ ಅಜ್ಜಿಯ ಸಕಾರ ಮಂಕಾಗುತ್ತದೆ. ಹಳೆಯ ಮೈಸೂರು ಸೀಮೆಯ ಹಾಡುಗಾರರು 'ಶಿವ' ಎಂದರೋ 'ಸಿವ' ಎಂದರೋ, 'ಶರಣು' ಎಂದರೋ 'ಸರಣು' ಎಂದರೋ ಎಂಬುದು ಉಪಭಾಷಾ ಅಧ್ಯಯನದಲ್ಲಿ ಸಣ್ಣ ವಿಷಯವಲ್ಲ. ಹಾಡುಗಾರನ ಜಾತಿ, ಊರು, ಗುರುಪರಂಪರೆ, ಅಕ್ಷರ ಸಂಪರ್ಕ ಇವುಗಳ ಬಗೆಗೆ ಎಷ್ಟೋ ತೀರ್ಮಾನಗಳನ್ನು ಇಂಥ ಒಂದು ಅಕ್ಷರದ ಮೇಲೆ ಕಟ್ಟಲಾಗಿದೆ. ಆ ಅಕ್ಷರವನ್ನು ನಿರ್ಧರಿಸಿದ್ದು ಗಾಯಕನ ನಾಲಗೆಯೋ ಡೆಕ್ಕಿನ ಗುಂಡಿಯೋ ಎಂದು ಹೇಳಲಾಗದ ಸ್ಥಿತಿಯಲ್ಲಿ ಲಿಪ್ಯಂತರದ ಅಧಿಕಾರ ಎಷ್ಟರದು?

ಇನ್ನು ಹೆಡ್ಡಿನ ವಾಲಿನ ಮಾತು. ಆಜಿಮತ್ ಎಂದು ಕರೆಯುವ ಈ ಕೋನ ಮುದ್ರಿಸಿದ ಯಂತ್ರದಲ್ಲಿ ಹೇಗಿತ್ತೋ ಕೇಳುವ ಯಂತ್ರದಲ್ಲಿಯೂ ಹಾಗೆಯೇ ಇರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮೇಲಿನ ಆವರ್ತನಗಳು ಅಳಿಸಿದಂತಾಗುತ್ತವೆ. ಡಾಲ್ಬಿಯ ಬಿಡಿಸುವ ಭಾಗವಂತೂ ಬಂದ ದನಿಯ ಮಟ್ಟವನ್ನು ನೋಡಿ ಎಷ್ಟು ಕುಗ್ಗಿಸಬೇಕೆಂದು ತೀರ್ಮಾನಿಸುತ್ತದೆ. ವಾಲು ತಪ್ಪಿ ದನಿ ಮೊದಲೇ ಸೊರಗಿದ್ದರೆ ಅದನ್ನು ಇನ್ನಷ್ಟು ಸೊರಗಿಸುತ್ತದೆ. ಒಂದು ತಪ್ಪು ಎರಡಾಗುತ್ತದೆ. 1982ರಲ್ಲಿ ಬಂದ ನಾಕಮಿಚಿಯ 'ಡ್ರ್ಯಾಗನ್' ಡೆಕ್ ಈ ವಾಲನ್ನು ತಾನೇ ಸರಿಪಡಿಸಿಕೊಳ್ಳುತ್ತಿತ್ತು, ಆದರೆ ಅಂಥ ಯಂತ್ರ ನಮ್ಮಲ್ಲಿ ಎಷ್ಟು ಮನೆಗಳಿಗೆ ಬಂದೀತು? ಉಳಿದ ಡೆಕ್‌ಗಳಲ್ಲಿ ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಪ್ರತಿ ಕ್ಯಾಸೆಟ್ಟಿಗೂ ಕಿವಿಗೊಟ್ಟು ಹೊಂದಿಸಿಕೊಳ್ಳಬೇಕು. ಕ್ಯಾಸೆಟ್ ಇಳಿಸುವ ಕೆಲಸದಲ್ಲಿ ವಿದ್ಯೆಯೆಂಬುದೇನಾದರೂ ಇದ್ದರೆ ಅರ್ಧ ಭಾಗ ಈ ತಿರುಪಿನಲ್ಲಿದೆ.

ಗಣಕದ ತಂತ್ರಾಂಶಗಳ ದೋಷ ಬೇರೆ ತೆರನಾದುದು. ಅವುಗಳಲ್ಲಿ ಬಹಳಷ್ಟು, ಹಾಡು ಆರಂಭವಾಗುವ ಮೊದಲಿನ ನಿಶ್ಶಬ್ದದಿಂದ ಸದ್ದಿನ ಮಾದರಿಯನ್ನು ಎತ್ತಿಕೊಂಡು, ಆ ಮಾದರಿಗೆ ಹೊಂದುವುದನ್ನೆಲ್ಲ ಮುಂದಿನ ಭಾಗದಿಂದ ಕಳೆಯುತ್ತವೆ. ಎಡೆಬಿಡದೆ ಒಂದೇ ಸಮನೆ ಇರುವುದು ಸದ್ದು, ಬದಲಾಗುತ್ತಿರುವುದು ಹಾಡು ಎಂಬುದು ಅವುಗಳ ಒಳನಂಬಿಕೆ. ಪಾಶ್ಚಾತ್ಯ ಪಿಯಾನೊಗೆ ಈ ನಂಬಿಕೆ ಸಲ್ಲಬಹುದು. ನಮ್ಮ ಹಾಡುಗಾರಿಕೆಯಲ್ಲಿ ಎಡೆಬಿಡದೆ ಒಂದೇ ಸಮನೆ ಇರುವುದು ಶ್ರುತಿ! ನೀಲಗಾರನು ಬಾಯಿ ತೆರೆಯುವ ಮೊದಲೇ ತಂಬೂರಿ ನುಡಿಯತೊಡಗಿರುತ್ತದೆ. ಆ 'ನಿಶ್ಶಬ್ದ'ದಿಂದ ಮಾದರಿ ತೆಗೆದರೆ ತಂಬೂರಿಯೇ ಸದ್ದಿನ ಪಟ್ಟಿಗೆ ಸೇರುತ್ತದೆ. ಸ್ವಚ್ಛಗೊಂಡ ಪ್ರತಿಯಲ್ಲಿ ತಂತಿಯ ಮೀಟು ಕೇಳಿಸುತ್ತದೆ, ಮೀಟಿನ ಹಿಂದಿನ ಅನುರಣನ ನೀರಿನಡಿಯಿಂದ ಬಂದಂತೆ ಕೇಳಿಸುತ್ತದೆ. ಸುಯ್ ಸದ್ದಿನ ನಡುವೆಯೂ ಕಿವಿ ಹುಡುಕಿ ತೆಗೆಯಬಲ್ಲದ್ದನ್ನು ತಂತ್ರಾಂಶ ಶಾಶ್ವತವಾಗಿ ತೆಗೆದುಹಾಕಿರುತ್ತದೆ.

4

ಸದ್ದೆಂದು ತೆಗೆದುಹಾಕುವುದರಲ್ಲಿ ಮಾಹಿತಿಯೂ ಇರಬಹುದು. ಬೆಂಗಳೂರಿನ ಪೂರ್ವದ ಅಂಚಿನ ಮಾರತ್ತಹಳ್ಳಿಯಿಂದ ಇದಕ್ಕೊಂದು ನಿದರ್ಶನ ಕೊಡಬಹುದು. ಇಂದು ಹೊರವರ್ತುಲ ರಸ್ತೆಯ ಮೇಲ್ಸೇತುವೆ, ಬಟ್ಟೆ ಮಳಿಗೆಗಳು, ತಂತ್ರಾಂಶ ಕಚೇರಿಗಳಿಗೆ ಹೋಗಿಬರುವ ವಾಹನಗಳ ಸಾಲು ಇವುಗಳಿಂದ ಹೆಸರಾಗಿರುವ ಈ ಊರು, ಅದಕ್ಕೆ ಮುಂಚೆ ಎಚ್‌ಎಎಲ್ ವಿಮಾನ ನಿಲ್ದಾಣದ ನೆರೆಯ ಹಳ್ಳಿ; ನಿಲ್ದಾಣದ ಓಡುದಾರಿಯ ಪೂರ್ವ ತುದಿಗೆ ತೀರ ಹತ್ತಿರ. 2008ರ ಮೇ 24ರಂದು ನಾಗರಿಕ ವಿಮಾನಗಳು ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋಗುವವರೆಗೂ ಇಡೀ ಬೆಂಗಳೂರಿನ ವಿಮಾನ ಸಂಚಾರ ಈ ಸುತ್ತಿನ ಮನೆಗಳ ನೆತ್ತಿಯ ಮೇಲೆಯೇ ನಡೆಯುತ್ತಿತ್ತು.

ಹಳೆಯ ಊರಿನ ಒಂದು ಮನೆಯಲ್ಲಿ ನನಗೆ ಕೇಳಲು ಸಿಕ್ಕಿದ್ದು 90 ನಿಮಿಷದ ಒಂದು ಕ್ಯಾಸೆಟ್ಟು. ಮೇಲೆ 'ಮದುವೆ ಹಾಡು' ಎಂದಷ್ಟೇ ಬರೆದಿದೆ, ತಾರೀಖಿಲ್ಲ. ಚಪ್ಪರದಡಿ ಹೆಂಗಸರು ಎರಡು ಪಂಗಡವಾಗಿ ಹಾಡಿದ ಸೋಬಾನೆ. ಅದೇ ಮನೆಯವರು ನಗರದ ಒಂದು ಅಂಗಡಿಯಲ್ಲಿ ಅದನ್ನು ಸಿ.ಡಿ.ಗೆ ಇಳಿಸಿ ಸ್ವಚ್ಛಗೊಳಿಸಿಯೂ ಇಟ್ಟುಕೊಂಡಿದ್ದರು. ಟೇಪನ್ನು ಎಸೆಯದೆ ಉಳಿಸಿದ್ದು ಆ ಮನೆಯ ಹಿರಿಯಾಕೆಯ ಜಿಗುಟುತನ. ಅದಿಲ್ಲದಿದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳುವ ಅವಕಾಶವೇ ಇರುತ್ತಿರಲಿಲ್ಲ.

ಟೇಪಿನಲ್ಲಿ ಮೂರು ಬಾರಿ ವಿಮಾನ ಹಾದುಹೋಗುತ್ತದೆ. ಮೊದಲ ಬಾರಿ ಹೆಂಗಸರು ದನಿ ಏರಿಸಿ ಹಾಡನ್ನು ಮುಂದುವರಿಸುತ್ತಾರೆ. ಎರಡನೆಯ ಬಾರಿ ಮುಂದಾಳು ಹಾಡಿದ ಸಾಲು ಎದುರು ಪಂಗಡಕ್ಕೆ ಕೇಳಿಸದೆ, ಸದ್ದು ಇಳಿದ ಮೇಲೆ ಆಕೆ ಅದೇ ಸಾಲನ್ನು ಮತ್ತೊಮ್ಮೆ ಎತ್ತುತ್ತಾಳೆ. ಆಗ ಎದುರಿನವರು ಸೊಲ್ಲು ಕೊಡುತ್ತಾರೆ. ಮೂರನೆಯ ಬಾರಿ ಎಲ್ಲರೂ ನಿಲ್ಲಿಸಿ ನಗುತ್ತಾರೆ. ಸಿ.ಡಿ.ಯಲ್ಲಿ ವಿಮಾನದ ಮೂರೂ ಎಡೆಗಳನ್ನು ಕತ್ತರಿಸಿ ಜೋಡಿಸಲಾಗಿದೆ. ಮೊದಲನೆಯ ಎಡೆಯಲ್ಲಿ ಎರಡು ಸಾಲುಗಳೇ ಹೋಗಿವೆ. ಎರಡನೆಯ ಎಡೆಯಲ್ಲಿ ಸಾಲು ಒಂದೇ ಬಾರಿ ಬರುತ್ತದೆ. ನಗು ಎಲ್ಲಿಯೂ ಇಲ್ಲ. ಅಂಗಡಿಯವನು ದುರುದ್ದೇಶದಿಂದ ಮಾಡಿದ್ದೇನೂ ಅಲ್ಲ. ಗಿರಾಕಿ ಕೇಳಿದ್ದು ಸದ್ದಿಲ್ಲದ ಹಾಡು, ಅವನು ಕೊಟ್ಟದ್ದೂ ಅದನ್ನೇ. ಆದರೆ ಸಿ.ಡಿ.ಯನ್ನು ಮಾತ್ರ ಕೇಳಿ ಲಿಪ್ಯಂತರ ಮಾಡುವ ಸಂಶೋಧಕನಿಗೆ ಮೊದಲ ಎಡೆ ಕಥನದ ಲೋಪವಾಗಿ ಕಾಣುತ್ತದೆ. ಹಾಡುಗಾರ್ತಿಯ ನೆನಪು ಇಲ್ಲಿ ಕೈಕೊಟ್ಟಿದೆ ಎಂದು ಅವನು ಬರೆದರೆ ಆಶ್ಚರ್ಯವಿಲ್ಲ. ಅಡ್ಡಿಯನ್ನು ಎದುರಿಸಿ ಸಾಲನ್ನು ಮತ್ತೆ ಎತ್ತಿಕೊಂಡ ಆಕೆಯ ಚಾತುರ್ಯ ದಾಖಲೆಯಿಂದಲೇ ಅಳಿಸಿಹೋಗಿದೆ.

ವಿಮಾನದ ಸದ್ದಿನಿಂದ ಕಾಲವನ್ನು ಊಹಿಸಬಹುದೇ? ಎಚ್ಚರ ಬೇಕು. ವಾಯುಪಡೆಯ ಮತ್ತು ಎಚ್‌ಎಎಲ್‌ನ ಹಾರಾಟಗಳು 2008ರ ಬಳಿಕವೂ ಅಲ್ಲಿಂದ ನಡೆದಿವೆ. ಆದ್ದರಿಂದ ಒಂದು ವಿಮಾನದ ಸದ್ದು ಏನನ್ನೂ ಸಿದ್ಧಪಡಿಸದು. ತೊಂಬತ್ತು ನಿಮಿಷದೊಳಗೆ ಮೂರು ದೊಡ್ಡ ವಿಮಾನಗಳು ಎಂಬುದು ಮಾತ್ರ ಹಳೆಯ ನಿಲ್ದಾಣದ ಕಾಲದತ್ತ ಬೊಟ್ಟುಮಾಡುತ್ತದೆ. ಶಾಸನದ ಕಾಲನಿರ್ಣಯದಲ್ಲಿ ಲಿಪಿಯ ಮೋಡಿಗೆ ಎಷ್ಟು ಬೆಲೆಯೋ ಇದಕ್ಕೂ ಅಷ್ಟು ಬೆಲೆ: ಒಂದು ಪೋಷಕ ಸಾಕ್ಷ್ಯ.

ಇನ್ನೊಂದು ಸಾಕ್ಷ್ಯ ಇದಕ್ಕಿಂತ ಗಟ್ಟಿ, ಆದರೆ ಕಿವಿಗೆ ಇದಕ್ಕಿಂತ ಅಹಿತ. ವಿದ್ಯುತ್ ಜಾಲದಿಂದ ಯಂತ್ರ ಹೀರಿಕೊಳ್ಳುವ ಗುಂಯ್ ಸದ್ದು. ನಮ್ಮ ಜಾಲದ ಆವರ್ತನ 50 ಹರ್ಟ್ಸ್. ಕ್ಯಾಸೆಟ್ ಯಂತ್ರಗಳ ಮೋಟಾರು ನೇರ ವಿದ್ಯುತ್ತಿನಿಂದ ಓಡುವುದರಿಂದ ಅದರ ವೇಗಕ್ಕೂ ಜಾಲದ ಆವರ್ತನಕ್ಕೂ ಸಂಬಂಧವಿಲ್ಲ. ಬೆಲ್ಟು ಸಡಿಲವಾದರೆ ವೇಗ ತಪ್ಪುತ್ತದೆ, ಗುಂಯ್ ಸದ್ದು ಆ ತಪ್ಪನ್ನು ಹೇಳಿಬಿಡುತ್ತದೆ. ಸರಿಯಾದ ವೇಗದ ಡೆಕ್ಕಿನಲ್ಲಿ ಕೇಳುವಾಗ ಟೇಪಿನ ಗುಂಯ್ ಸದ್ದು 52 ಹರ್ಟ್ಸಿನಲ್ಲಿ ಬಂದರೆ ಹಾಡು ಶೇಕಡಾ 4ರಷ್ಟು ವೇಗವಾಗಿ ಓಡುತ್ತಿದೆ. ಶ್ರುತಿ ಒಂದು ಸ್ವರಸ್ಥಾನದ ಮೂರನೆಯ ಎರಡು ಭಾಗದಷ್ಟು ಮೇಲೇರಿದೆ. ಹಾಡುಗಾರ್ತಿಯರ ಶ್ರುತಿಯನ್ನು ಕುರಿತು ಬರೆಯುವವರಿಗೆ ಇದು ಎಂಥ ಎಚ್ಚರಿಕೆಯೆಂದು ವಿವರಿಸಬೇಕಾಗಿಲ್ಲ. ಇಲ್ಲಿಯೂ ಒಂದು ಮಿತಿಯಿದೆ. 2003ರ ಜನವರಿಯಲ್ಲಿ ದಕ್ಷಿಣ ವಲಯದಲ್ಲಿ ಹೊಸ ದರಪದ್ಧತಿ ಬಂದು ಶಿಸ್ತು ಮೂಡುವವರೆಗೆ ಜಾಲದ ಆವರ್ತನವೇ ಅಸ್ಥಿರವಾಗಿತ್ತು; ಸಂಜೆಯ ಹೊರೆಯಲ್ಲಿ ಅದು 49ಕ್ಕಿಂತ ಕೆಳಗಿಳಿಯುವುದು ಅಪರೂಪವಾಗಿರಲಿಲ್ಲ. ಆದ್ದರಿಂದ ಈ ಅಳತೆಗೋಲು ತಾನೇ ಸ್ವಲ್ಪ ಹಿಗ್ಗಿ ಕುಗ್ಗುವಂಥದು. ಆದರೂ ಇರುವ ಅಳತೆಗೋಲು ಅದೊಂದೇ.

ಪ್ರತಿಯಿಂದ ಪ್ರತಿ ತೆಗೆದ ಟೇಪಿನಲ್ಲಿ ಇನ್ನೂ ಕುತೂಹಲದ ಸಂಗತಿ ಕಾಣುತ್ತದೆ. ಒಂದೊಂದು ತಲೆಮಾರಿನಲ್ಲಿಯೂ ಹೊಸ ಸುಯ್ ಸದ್ದಿನ ಜೊತೆಗೆ ಹೊಸ ಗುಂಯ್ ಸದ್ದೂ ಸೇರಿಕೊಳ್ಳುತ್ತದೆ. ಎರಡು ಯಂತ್ರಗಳ ವೇಗ ಬೇರೆಯಾದ್ದರಿಂದ ಎರಡು ಗುಂಯ್ ಸದ್ದುಗಳು ತುಸು ಅಂತರದಲ್ಲಿ ನಿಲ್ಲುತ್ತವೆ. ಅವನ್ನು ಎಣಿಸಿ ಈ ಟೇಪು ಎಷ್ಟನೆಯ ಕೈಯ ಪ್ರತಿಯೆಂದು ಅಂದಾಜು ಮಾಡಬಹುದು. ಹಸ್ತಪ್ರತಿಗಳ ವಂಶವೃಕ್ಷವನ್ನು ಸಮಾನ ಸ್ಖಾಲಿತ್ಯಗಳ ಮೇಲೆ ಕಟ್ಟುವವರಿಗೆ ಈ ತರ್ಕ ಹೊಸದಲ್ಲ. ಬ್ಯಾಟರಿಯಲ್ಲಿ ಓಡಿದ ಕ್ಷೇತ್ರಕಾರ್ಯದ ಯಂತ್ರದಲ್ಲಿ ಸಾಮಾನ್ಯವಾಗಿ ಗುಂಯ್ ಸದ್ದೇ ಇರದು. ಆ ಇಲ್ಲದಿರುವಿಕೆಯೂ ಒಂದು ಸುಳಿವು. ಸ್ವಚ್ಛತಾ ತಂತ್ರಾಂಶಗಳು ಮೊಟ್ಟಮೊದಲು ಅಳಿಸುವುದು ಈ 50 ಹರ್ಟ್ಸಿನ ಗೆರೆಯನ್ನೇ.

5

ಮೂಲದ ಪರವಾಗಿ ವಾದಿಸುವವರು ಒಂದು ತೊಡಕನ್ನು ಎದುರಿಸಲೇಬೇಕು. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ಸಂಗೀತವಿದ್ದ 'ನಿತ್ಯೋತ್ಸವ' 1978ರಲ್ಲಿ ಬಂದಿತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ಟೆಂದು ಅದನ್ನು ಸಾಮಾನ್ಯವಾಗಿ ಹೆಸರಿಸಲಾಗುತ್ತದೆ. ಮುಂದಿನ ಎರಡು ದಶಕಗಳಲ್ಲಿ ಕನ್ನಡ ಕಾವ್ಯ ಪುಸ್ತಕದಿಂದ ತಲುಪಿದ್ದಕ್ಕಿಂತ ಹೆಚ್ಚು ಜನರನ್ನು ಕ್ಯಾಸೆಟ್ಟಿನಿಂದ ತಲುಪಿತೆಂದರೆ ಉತ್ಪ್ರೇಕ್ಷೆಯಾಗಲಾರದು. ಉತ್ತರ ಭಾರತದ ಇಂಥ ಬೆಳವಣಿಗೆಯನ್ನು ಪೀಟರ್ ಮ್ಯಾನ್ಯುಯೆಲ್ ಅವರು 1993ರ ತಮ್ಮ 'ಕ್ಯಾಸೆಟ್ ಕಲ್ಚರ್' ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಕನ್ನಡಕ್ಕೆ ಅಂಥ ಒಂದು ಗ್ರಂಥ ಬೇಕಾಗಿದೆ. ಆದರೆ ಆ ಜನರು ಕೇಳಿದ್ದು ಯಾವುದರಲ್ಲಿ? ಸ್ಟೀರಿಯೊ ಡೆಕ್ಕೆಂಬುದು ಆಂಪ್ಲಿಫೈಯರ್, ಸ್ಪೀಕರ್‌ಗಳು ಬೇರೆಯಾಗಿ ಬೇಕಾಗುವ ದುಬಾರಿ ಬಾಬತ್ತು. ಹೊರದೇಶದಿಂದ ಬಂದ ನೆಂಟರು ತಂದುಕೊಟ್ಟರುಂಟು. ಬಹುಪಾಲು ಮನೆಗಳಲ್ಲಿದ್ದದ್ದು ಫಿಲಿಪ್ಸ್, ಬಿಪಿಎಲ್-ಸಾನ್ಯೊ, ನ್ಯಾಶನಲ್ ಪ್ಯಾನಸೋನಿಕ್ ಹೆಸರಿನ ಟೂ-ಇನ್-ಒನ್‌ಗಳು. ಅವುಗಳಲ್ಲಿ ಹೆಚ್ಚಿನವಕ್ಕೆ ಡಾಲ್ಬಿ ಇರಲಿಲ್ಲ.

ಡಾಲ್ಬಿಯಲ್ಲಿ ಮುದ್ರಿಸಿದ ಟೇಪನ್ನು ಬಿಡಿಸದೆ ಕೇಳಿದರೆ ಹಿಗ್ಗಿಸಿದ ಮೇಲಿನ ದನಿಗಳು ಹಾಗೆಯೇ ಉಳಿದು ಹಾಡು ಹೆಚ್ಚು ಹೊಳಪಿನಿಂದ, ಹೆಚ್ಚು ಸುಯ್ ಸದ್ದಿನಿಂದ ಕೇಳಿಸುತ್ತದೆ. ಡಾಲ್ಬಿ ಇದ್ದ ಡೆಕ್ ಕೊಂಡವರಲ್ಲೂ ಹಲವರು ಅದರ ಗುಂಡಿಯನ್ನು ಆರಿಸಿಯೇ ಇಡುತ್ತಿದ್ದರು. ಒತ್ತಿದರೆ ಹಾಡಿನ ಮೇಲೆ ಕಂಬಳಿ ಹೊದಿಸಿದಂತಾಗುತ್ತದೆ ಎನ್ನುತ್ತಿದ್ದರು. ಅಂದಮೇಲೆ ಒಂದು ಪೀಳಿಗೆಯ ನೆನಪಿನಲ್ಲಿರುವ ಭಾವಗೀತೆ ಸ್ಟುಡಿಯೊದವರು ಉದ್ದೇಶಿಸಿದ ಭಾವಗೀತೆಯಲ್ಲ. ಇವುಗಳಲ್ಲಿ ಯಾವುದು ಮೂಲ? ಕವಿಯ ಸ್ವಹಸ್ತಪ್ರತಿಗೂ ಜನಪ್ರಿಯ ಪಾಠಕ್ಕೂ ವ್ಯತ್ಯಾಸವಿರುವಾಗ ಸಂಪಾದಕ ಎದುರಿಸುವ ಪ್ರಶ್ನೆಯೇ ಇದು. ನನ್ನ ಅಭಿಪ್ರಾಯ ಇಷ್ಟು: ಸಂಗ್ರಹಾಲಯದ ಪ್ರತಿ ಮುದ್ರಿಸಿದವರ ಸಂಕೇತವನ್ನು ಅನುಸರಿಸಬೇಕು, ಏಕೆಂದರೆ ಅದರಿಂದ ಟೂ-ಇನ್-ಒನ್ ಕೇಳುವಿಕೆಯನ್ನು ಬೇಕಾದಾಗ ಪುನಃ ಕಟ್ಟಿಕೊಳ್ಳಬಹುದು. ಮಾರಾಟದ ಮರುಮುದ್ರಣಗಳು ಏನನ್ನಾದರೂ ಮಾಡಿಕೊಳ್ಳಲಿ. ಅವು ತಮ್ಮ ಆಕರ ಯಾವುದೆಂದು ಹೇಳದೆ ಮೂಲದ ಹೆಸರನ್ನೇ ಧರಿಸಿ ಬರುವುದು ಮಾತ್ರ ಒಪ್ಪತಕ್ಕದ್ದಲ್ಲ.

ಕಿವಿಯ ಅಭ್ಯಾಸವೂ ಬದಲಾಗಿದೆ ಎಂಬುದನ್ನು ಮರೆಯಬಾರದು. ಮಾರತ್ತಹಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತ ತರುಣರ ಕಿವಿಯಲ್ಲಿರುವ ಸಾಧನ ವರ್ತುಲ ರಸ್ತೆಯನ್ನೇ ಅಳಿಸಿಹಾಕುತ್ತದೆ. ಇಂಥ ಮೌನಕ್ಕೆ ಪಳಗಿದ ಕಿವಿಗೆ ಟೇಪಿನ ಸುಯ್ ಸದ್ದು ಕೊಳೆಯಾಗಿ ಕೇಳಿಸುವುದು ಸಹಜ. ನಾಳಿನ ಸಂಪಾದಕರು ಅವರೇ ಆಗಿರುವುದರಿಂದ ಈ ಮಾತು ಹೇಳಿದೆ.

6

ದಾರಿ ಕಾಣದ ಸ್ಥಿತಿಯೇನೂ ಅಲ್ಲ. ನಮ್ಮ ನೆಲದಲ್ಲೇ ಒಂದು ಮಾದರಿಯಿದೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಮಹಾಕಾವ್ಯವನ್ನು 1990ರ ಡಿಸೆಂಬರಿನಲ್ಲಿ ಲೌರಿ ಹೊಂಕೊ, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು ದಾಖಲಿಸಿದರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಪ್ರಕಟವಾದಾಗ, ಹಾಡು ಪಠ್ಯವಾದ ಬಗೆಯನ್ನು ವಿವರಿಸುವುದಕ್ಕೇ ಒಂದು ಪ್ರತ್ಯೇಕ ಸಂಪುಟವನ್ನು ಮೀಸಲಿಡಲಾಯಿತು. ದಾಖಲಾತಿಯ ಸನ್ನಿವೇಶವೂ ಪಠ್ಯದ ಭಾಗವೆಂಬ ತಿಳಿವಳಿಕೆ ಅಲ್ಲಿದೆ. ಎಲ್ಲ ಕ್ಯಾಸೆಟ್ಟಿಗೂ ಒಂದು ಸಂಪುಟ ಬರೆಯಲಾಗದು, ಆದರೆ ಒಂದು ಚೀಟಿ ಬರೆಯಬಹುದು.

ಧ್ವನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘವಾದ ಐಎಎಸ್‌ಎ 2004ರಲ್ಲಿ ಹೊರತಂದು 2009ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಕನಿಷ್ಠ 48 ಕಿಲೊಹರ್ಟ್ಸ್, 24 ಬಿಟ್ ಗುಣಮಟ್ಟವನ್ನು ಕೇಳುತ್ತದೆ, 96 ಕಿಲೊಹರ್ಟ್ಸನ್ನು ಮೇಲೆಂದು ಹೇಳುತ್ತದೆ. ಸಂಗ್ರಹದ ಪ್ರತಿಯಲ್ಲಿ ಸೌಂದರ್ಯದ ತಿದ್ದುಪಡಿ ಕೂಡದೆನ್ನುತ್ತದೆ. 1982ರಲ್ಲಿ ಸ್ಥಾಪಿತವಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ಆಕರ ಹಾಗೂ ಸಂಶೋಧನ ಕೇಂದ್ರದಂಥ ಸಂಸ್ಥೆಗಳಿಗೆ ಈ ಶಿಸ್ತು ಹೊಸದಲ್ಲ. ಸ್ಥಳಾವಕಾಶದ ಆಕ್ಷೇಪ ಈಗ ನಿಲ್ಲುವುದಿಲ್ಲ. ತೊಂಬತ್ತು ನಿಮಿಷದ ಸ್ಟೀರಿಯೊ ಕ್ಯಾಸೆಟ್ಟು 96 ಕಿಲೊಹರ್ಟ್ಸ್, 24 ಬಿಟ್ಟಿನಲ್ಲಿ ಸುಮಾರು 3.1 ಗಿಗಾಬೈಟ್ ಆಗುತ್ತದೆ. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಅಂಥ ಮುನ್ನೂರು ಹಿಡಿಯುತ್ತವೆ.

ಕಷ್ಟವಿರುವುದು ಯಂತ್ರದಲ್ಲಿ. ಯುನೆಸ್ಕೊ ಮತ್ತು ಐಎಎಸ್‌ಎ ಕೂಡಿ 2019ರಲ್ಲಿ ಆರಂಭಿಸಿದ ಟೇಪು ಎಚ್ಚರಿಕೆ ಯೋಜನೆ, ಸುಸ್ಥಿತಿಯ ಯಂತ್ರಗಳೂ ಬಿಡಿಭಾಗಗಳೂ 2025ರ ಸುಮಾರಿಗೆ ದುರ್ಲಭವಾಗುವುವೆಂಬ ಅಂದಾಜನ್ನು ಮುಂದಿಟ್ಟಿತು. ಇಂದು ಹೊಸದಾಗಿ ಮಾರಾಟವಾಗುವ, ಗಣಕಕ್ಕೆ ನೇರವಾಗಿ ಸಿಕ್ಕಿಸುವ ಅಗ್ಗದ ಕ್ಯಾಸೆಟ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಡಾಲ್ಬಿ ಇಲ್ಲ, ವೇಗದ ಸ್ಥಿರತೆ ಇಲ್ಲ, ಹೆಡ್ಡಿನ ತಿರುಪಿಗೆ ಕೈ ಎಟುಕುವುದಿಲ್ಲ. ಅವುಗಳಿಂದ ಒಂದು ಸಂಗ್ರಹವನ್ನು ಇಳಿಸುವುದು ಕನ್ನಡ ಅಕ್ಷರ ಬಾರದವನಿಂದ ಓಲೆ ಪ್ರತಿಮಾಡಿಸಿದಂತೆ. ಹಳೆಯ ಡೆಕ್ಕೊಂದನ್ನು ಕೊಂಡು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬೆಲ್ಟು ಹುಡುಕಿ, ಅದನ್ನು ಸರಿಪಡಿಸಬಲ್ಲ ಕೈಗೆ ಸಂಬಳ ಕೊಡುವುದು ಪುಸ್ತಕ ಪ್ರಕಟಣೆಯಷ್ಟೇ ಅಕಾಡೆಮಿಯ ಕೆಲಸ. ಇದಕ್ಕೆ ಆಯವ್ಯಯದಲ್ಲಿ ಶೀರ್ಷಿಕೆ ಇಲ್ಲವೆಂಬ ಉತ್ತರ ಬರುವುದು ಗೊತ್ತಿದ್ದೇ ಈ ಮಾತನ್ನು ಬರೆಯುತ್ತಿದ್ದೇನೆ.

ಚೀಟಿಯಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ. ಟೇಪಿನ ತಯಾರಕರ ಹೆಸರು ಮತ್ತು ಬಗೆ. ಹೊದಿಕೆಯ ಮೇಲೆ ಎರಡು 'ಡಿ' ಅಕ್ಷರಗಳ ಡಾಲ್ಬಿ ಗುರುತು ಇದೆಯೇ ಇಲ್ಲವೇ. ಇಳಿಸಿದ ಡೆಕ್ಕಿನ ಮಾದರಿ. ಡಾಲ್ಬಿ ಬಿಡಿಸಲಾಯಿತೇ, ಯಾವ ಆಧಾರದ ಮೇಲೆ. ಗುಂಯ್ ಸದ್ದು ಎಷ್ಟು ಹರ್ಟ್ಸಿನಲ್ಲಿದೆ. ಡಾಲ್ಬಿಯ ಬಗ್ಗೆ ಸಂದೇಹವಿದ್ದಲ್ಲಿ ಬಿಡಿಸದ ಪ್ರತಿಯನ್ನೂ ಬಿಡಿಸಿದ ಪ್ರತಿಯನ್ನೂ ಎರಡನ್ನೂ ಇಡಬೇಕು. ಸ್ವಚ್ಛಗೊಳಿಸಿದ ಪ್ರತಿ ಬೇಕಾದವರಿಗೆ ಮೂರನೆಯದಾಗಿ ಇರಲಿ. ಕೆಲಸದ ಅನುಕ್ರಮದಲ್ಲಿ ಅಚ್ಚಾದ ಹೊದಿಕೆಯಿರುವ ವಾಣಿಜ್ಯ ಕ್ಯಾಸೆಟ್‌ಗಳು ಕೊನೆಗೆ ಬಂದರೂ ನಡೆದೀತು. ಅವುಗಳ ಪ್ರತಿಗಳು ಬೇರೆಡೆಯೂ ಇರುತ್ತವೆ. ಮೊದಲು ಎತ್ತಿಕೊಳ್ಳಬೇಕಾದವು ಮೇಲೆ ಏನೂ ಬರೆಯದ ಮನೆಯ ಕ್ಯಾಸೆಟ್‌ಗಳು. ಅವನ್ನು ಯಾವ ಯಂತ್ರದಲ್ಲಿ, ಯಾರ ಮದುವೆಯಲ್ಲಿ, ಯಾರು ಗುಂಡಿ ಒತ್ತಿ ಮುದ್ರಿಸಿದರೆಂದು ಹೇಳಬಲ್ಲವರು ಆ ಮನೆಗಳಲ್ಲಿ ಇನ್ನೂ ಒಬ್ಬಿಬ್ಬರಿದ್ದಾರೆ.